ಮೂರು ತಂತಿಗಳ ಲೆಕ್ಕ

ಊರಿನ ಟ್ರಾನ್ಸ್‌ಫಾರ್ಮರಿನಿಂದ, ಬೀದಿದೀಪದ ತಂತಿಯನ್ನು ಬಿಟ್ಟರೆ, ಸಾಮಾನ್ಯವಾಗಿ ನಾಲ್ಕು ತಂತಿಗಳು ಹೊರಡುತ್ತವೆ. ಮೂರು ಫೇಸ್ ತಂತಿಗಳು, ನಾಲ್ಕನೆಯದು ನ್ಯೂಟ್ರಲ್. ಹಿಟ್ಟಿನ ಗಿರಣಿಯ ಮೋಟಾರು ಮೂರು ಫೇಸುಗಳಿಂದಲೂ ವಿದ್ಯುತ್ತನ್ನು ಸಮನಾಗಿ ಪಡೆಯುತ್ತದೆ. ಮನೆಗಳು ಹಾಗಲ್ಲ, ಬಹುಪಾಲು ಮನೆಗಳು ಒಂದೊಂದೇ ಫೇಸನ್ನು ಆಶ್ರಯಿಸಿರುತ್ತವೆ. ಯಾರ ಮನೆಯಲ್ಲಿ ಯಾವ ಗಳಿಗೆಯಲ್ಲಿ ನೀರು ಕಾಯಿಸುವರೆಂದು ಯಾರು ಬಲ್ಲರು? ಆದುದರಿಂದ ಮೂರು ಫೇಸುಗಳ ಹೊರೆ ಸಮನಾಗಿರುವುದು ಅಪರೂಪ.

ಮೂರು ಫೇಸುಗಳ ಪ್ರವಾಹಗಳು ಏಕಕಾಲದಲ್ಲಿ ಏರಿ ಇಳಿಯುವುದಿಲ್ಲ. ಒಂದು ಆವರ್ತದ ಮೂರನೆಯ ಒಂದು ಭಾಗದಷ್ಟು ಅಂತರದಲ್ಲಿ ಅವು ಒಂದನ್ನೊಂದು ಹಿಂಬಾಲಿಸುತ್ತವೆ. ಮೂರೂ ಸಮನಾಗಿದ್ದರೆ ನ್ಯೂಟ್ರಲಿನಲ್ಲಿ ಅವು ಪರಸ್ಪರ ಅಳಿಸಿಹೋಗುತ್ತವೆ. ದೀಪ, ಹೀಟರುಗಳಂತಹ ಹೊರೆಗಳಿಂದ ಮೂರು ಫೇಸುಗಳಲ್ಲಿ ಕ್ರಮವಾಗಿ 100, 60, 40 ಆಂಪಿಯರ್ ಹರಿದರೆ ನ್ಯೂಟ್ರಲಿನಲ್ಲಿ ಸುಮಾರು 53 ಆಂಪಿಯರ್ ಹರಿಯುತ್ತದೆ. ಇಂತಹ ಸ್ಥಿತಿಯಲ್ಲಿ ನ್ಯೂಟ್ರಲ್ ತುಂಡಾಯಿತೆಂದರೆ, ಹೊರೆ ಕಡಿಮೆ ಇರುವ ಫೇಸಿನ ಮನೆಗಳಿಗೆ 230 ವೋಲ್ಟಿಗಿಂತ ಬಹಳ ಹೆಚ್ಚಿನ ವೋಲ್ಟೇಜು ನುಗ್ಗಿ ಉಪಕರಣಗಳು ಸುಟ್ಟುಹೋಗುವುವು. ಮೋಟಾರಿಗೂ ಕೇಡು ತಪ್ಪಿದ್ದಲ್ಲ: ವೋಲ್ಟೇಜಿನ ಅಸಮತೆ ಕೇವಲ ಶೇಕಡ 3.5ರಷ್ಟಾದರೂ ಅದರ ಸುರುಳಿಗಳ ಉಷ್ಣತೆಯ ಏರಿಕೆ ಸುಮಾರು ಶೇಕಡ 25ರಷ್ಟು ಅಧಿಕವಾಗುತ್ತದೆ.

ದೂರದ ಊರುಗಳಿಗೆ ವಿದ್ಯುತ್ತನ್ನು ಒಯ್ಯುವ ಹೈಟೆನ್ಷನ್ ಮಾರ್ಗಗಳಲ್ಲಿ ಹೊರೆ ಬಹುಮಟ್ಟಿಗೆ ಸಮ. ಅಲ್ಲಿ ಒಂದು ಫೇಸಿನ ಲೆಕ್ಕ ಮಾಡಿ, ಉಳಿದೆರಡೂ ಅದರಂತೆಯೇ ಎಂದು ಭಾವಿಸಿದರೆ ಸಾಕು. ಬೀದಿಯ ತಂತಿಗಳಿಗೆ ಈ ಸುಲಭೋಪಾಯ ಒಪ್ಪುವುದಿಲ್ಲ; ಪ್ರತಿಯೊಂದು ತಂತಿಯನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಬೇಕು. ಈ ಶ್ರಮವನ್ನು ಕಂಪ್ಯೂಟರಿನ ತಂತ್ರಾಂಶ ವಹಿಸಿಕೊಳ್ಳುತ್ತದೆ. ಕಂಬಗಳ ಅಂತರ, ತಂತಿಗಳ ದಪ್ಪ, ಯಾವ ಮನೆ ಯಾವ ಫೇಸಿಗೆ ಸೇರಿದೆ ಎಂಬುದನ್ನೆಲ್ಲ ಅದಕ್ಕೆ ತಿಳಿಸಬೇಕು. ಮೊದಲು ಅದು ಎಲ್ಲೆಡೆಯೂ ಪೂರ್ಣ ವೋಲ್ಟೇಜು ಇದೆಯೆಂದು ಊಹಿಸಿ ಪ್ರವಾಹಗಳನ್ನು ಕಂಡುಹಿಡಿಯುತ್ತದೆ. ಆ ಪ್ರವಾಹಗಳಿಂದ ತಂತಿಗಳಲ್ಲಿ ನಷ್ಟವಾಗುವ ವೋಲ್ಟೇಜನ್ನು ಕಳೆದು, ಹೊಸ ವೋಲ್ಟೇಜಿನಿಂದ ಪ್ರವಾಹಗಳನ್ನು ಮತ್ತೆ ಲೆಕ್ಕಿಸುತ್ತದೆ. ಉತ್ತರ ಬದಲಾಗದೆ ನಿಲ್ಲುವವರೆಗೂ ಇದೇ ಕ್ರಮ. ಅಮೆರಿಕದ ವಿದ್ಯುಚ್ಛಕ್ತಿ ಸಂಶೋಧನಾ ಸಂಸ್ಥೆಯು 2008ರಲ್ಲಿ ಎಲ್ಲರಿಗೂ ಮುಕ್ತವಾಗಿಸಿದ ‘ಓಪನ್ ಡಿಎಸ್ಎಸ್’ ಇಂತಹ ಒಂದು ತಂತ್ರಾಂಶ.

ತಂತ್ರಾಂಶದ ಉತ್ತರ ಸರಿಯೆಂದು ಹೇಗೆ ನಂಬುವುದು? ಇದಕ್ಕಾಗಿ ಅಮೆರಿಕದ ಎಂಜಿನಿಯರರು ಕೆಲವು ಮಾದರಿ ಜಾಲಗಳನ್ನು 1991ರಲ್ಲಿ ಉತ್ತರಸಹಿತ ಪ್ರಕಟಿಸಿದರು. ಅವುಗಳಲ್ಲಿ 13 ಬಿಂದುಗಳ ಪುಟ್ಟ ಜಾಲವೊಂದು ವಿಚಿತ್ರವಾದುದು. ನಿಗದಿತ ವೋಲ್ಟೇಜನ್ನು 1 ಎಂದಿಟ್ಟುಕೊಂಡರೆ, ಅದರ ಎರಡನೆಯ ಫೇಸಿನಲ್ಲಿ ಆರಂಭದಲ್ಲಿ 1.050 ಇರುವ ವೋಲ್ಟೇಜು ದೂರದ ತುದಿಯೊಂದರಲ್ಲಿ 1.055 ಆಗುತ್ತದೆ! ನೀರು ತಗ್ಗಿನಿಂದ ದಿಬ್ಬಕ್ಕೆ ಹರಿದಂತೆ ತೋರುವ ಈ ಸಂಗತಿಗೆ ನೆರೆಯ ತಂತಿಗಳ ಕಾಂತಪ್ರಭಾವವು ಒಂದು ಕಾರಣ. ಅಲ್ಲಿ ಜೋಡಿಸಿರುವ ಕೆಪಾಸಿಟರುಗಳು ಇನ್ನೊಂದು. ಒಂದೇ ಫೇಸಿನ ಲೆಕ್ಕದಲ್ಲಿ ಇದು ಕಾಣಿಸುವುದೇ ಇಲ್ಲ.

ಇಂದು ಮನೆಗಳ ಮೇಲ್ಛಾವಣಿಯ ಸೌರಫಲಕಗಳೂ ಒಂದೊಂದು ಫೇಸಿಗೆ ವಿದ್ಯುತ್ತನ್ನು ಹಿಂದಿರುಗಿಸತೊಡಗಿ ಲೆಕ್ಕ ಮತ್ತಷ್ಟು ತೊಡಕಾಗಿದೆ. ಯಾವ ಮನೆಯನ್ನು ಯಾವ ಫೇಸಿಗೆ ಬದಲಾಯಿಸಿದರೆ ಹೊರೆ ಸಮವಾದೀತೆಂಬುದನ್ನು ಲೈನ್‌ಮನ್ ಕಂಬವನ್ನೇರುವ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡಬಹುದು.