ಬಳ್ಳಾರಿ ರಸ್ತೆಯ ವೇಗವಾಹನಗಳಿಗೆ ಎಣ್ಣೆಯ ವಿಚಾರ

ಭಾನುವಾರದ ಬೆಳಗಿನ ಜಾವದಲ್ಲಿ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ, ಯಲಹಂಕದ ಮಾರ್ಗವಾಗಿ ದೇವನಹಳ್ಳಿಯ ಕಡೆಗೂ ಅಲ್ಲಿಂದ ನಂದಿಬೆಟ್ಟದ ತಿರುವುಗಳಿಗೂ ಹೊರಡುವ ಕಾರುಗಳಲ್ಲಿ ಮುನ್ನೂರು ಅಶ್ವಶಕ್ತಿಯನ್ನು ಮೀರಿದ ಇಂಜಿನುಗಳುಳ್ಳವು ಕೆಲವಾದರೂ ಇದ್ದೇ ಇರುತ್ತವೆ; ಅವುಗಳ ಒಡೆಯರು ದಾರಿಯಲ್ಲಿ ಇಡ್ಲಿ ಕಾಫಿಗೆಂದು ನಿಂತಾಗ, ಟೈರಿನ ಮಾತು ಮುಗಿದ ಮೇಲೆ ಅನಿವಾರ್ಯವಾಗಿ ಬರತಕ್ಕದ್ದು ಇಂಜಿನ್ ಆಯಿಲಿನ ಮಾತು. ಯಾವ ಕಂಪನಿಯದು ಶ್ರೇಷ್ಠ, ಯಾವುದು ಅಪ್ಪಟ ಫುಲ್ ಸಿಂಥೆಟಿಕ್, ಅಷ್ಟು ಬೆಲೆ ತೆತ್ತಿದ್ದು ಸಾರ್ಥಕವೇ ಎಂಬೀ ಚರ್ಚೆಯಲ್ಲಿ ಉತ್ಸಾಹವಿರುವಷ್ಟು ಪ್ರಮಾಣಗಳಿರುವುದಿಲ್ಲ. ಪ್ರಮಾಣಗಳೇನೋ ದುರ್ಲಭವಲ್ಲ, ಬಹುಮಟ್ಟಿಗೆ ಅವು ಡಬ್ಬಿಯ ಹಿಂಬದಿಯಲ್ಲಿಯೇ ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತವೆ, ಓದುವವರು ವಿರಳ.

ಸಿಂಥೆಟಿಕ್ ಎಣ್ಣೆಯ ವಂಶಚರಿತ್ರೆಯನ್ನು ಅರಿಯಬಯಸುವವರು ಯಲಹಂಕದಲ್ಲಿ ನಿಂತು ತಲೆಯೆತ್ತಿದರೆ ಸಾಕು. 1996ರಿಂದ ಏರೋ ಇಂಡಿಯಾ ಪ್ರದರ್ಶನಕ್ಕೆ ನೆಲೆಯಾಗಿರುವ ಅಲ್ಲಿನ ವಾಯುಪಡೆಯ ನಿಲ್ದಾಣದ ಮೇಲೆ ಗರ್ಜಿಸುವ ಜೆಟ್ ವಿಮಾನಗಳ ಇಂಜಿನುಗಳಲ್ಲಿ ಹರಿಯುವುದು ಆಮ್ಲ ಮತ್ತು ಆಲ್ಕೋಹಾಲುಗಳ ಸಂಯೋಗದಿಂದ ರಚಿತವಾದ ಎಸ್ಟರುಗಳ ಎಣ್ಣೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಯಂ ಅಭಾವದಿಂದ ಪೀಡಿತವಾಗಿದ್ದ ಜರ್ಮನಿಯಲ್ಲಿ ಈ ದ್ರವ್ಯಗಳ ಪರಿಶೋಧನೆ ಭರದಿಂದ ನಡೆಯಿತು. ಯುದ್ಧಾನಂತರ ಜೆಟ್ ಯುಗವು ಆರಂಭವಾದಾಗ, ಗಗನದ ಔನ್ನತ್ಯದ ಕೊರೆಯುವ ಶೈತ್ಯದಲ್ಲಿ ಹೆಪ್ಪುಗಟ್ಟದೆಯೂ ಬೇರಿಂಗುಗಳ ತಾಪದಲ್ಲಿ ಕರಿಕಾಗದೆಯೂ ಉಳಿಯಬಲ್ಲ ಎಣ್ಣೆಯೆಂದು ಅವಕ್ಕೆ ಮನ್ನಣೆ ದೊರೆಯಿತು. ಅಮೆರಿಕದ ಮೊಬಿಲ್ ಕಂಪನಿಯು ‘ಮೊಬಿಲ್ 1’ ಎಂಬ ಹೆಸರಿನಲ್ಲಿ ಕಾರುಗಳಿಗಾಗಿ ಸಿಂಥೆಟಿಕ್ ಎಣ್ಣೆಯನ್ನು ಮಾರತೊಡಗಿದ್ದು 1974ರಲ್ಲಿ. ಇಂದಿನ ವೇಗವಾಹನಗಳಾದರೋ ತಮ್ಮೊಳಗೇ ಒಂದು ಪುಟ್ಟ ಟರ್ಬೈನನ್ನು ಹೊತ್ತಿವೆ: ಟರ್ಬೊಚಾರ್ಜರಿನ ದಂಡವು ನಿಮಿಷಕ್ಕೆ ಲಕ್ಷಕ್ಕೂ ಮಿಗಿಲಾಗಿ ಸುತ್ತುವಾಗ ಅದನ್ನು ಲೋಹಕ್ಕೆ ತಾಗಗೊಡದೆ ತೇಲಿಸುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವೇ. ವಿಮಾನದ ವಿದ್ಯೆ ಕಾರಿಗೆ ಬೇಕಾದದ್ದು ಹೀಗೆ.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಮೂಲತೈಲಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಮೊದಲೆರಡು ಸಾಮಾನ್ಯ ಖನಿಜತೈಲಗಳು; ಮೂರನೆಯದು ಅದೇ ತೈಲವನ್ನು ಅಧಿಕ ಒತ್ತಡದಲ್ಲಿ ಜಲಜನಕದೊಡನೆ ಸಂಸ್ಕರಿಸಿ ಅಣುಗಳ ರೂಪವನ್ನೇ ಮಾರ್ಪಡಿಸಿದ್ದು; ನಾಲ್ಕನೆಯದು ಸಣ್ಣ ಅಣುಗಳನ್ನು ಜೋಡಿಸಿ ನಿರ್ಮಿಸಿದ ಪಾಲಿ ಆಲ್ಫಾ ಒಲಿಫಿನ್; ಎಸ್ಟರು ಮೊದಲಾದ ಉಳಿದವೆಲ್ಲ ಐದನೆಯದು. ಮೂರನೆಯ ವರ್ಗದ ಎಣ್ಣೆಯನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲಿನ ಮೇಲೆ ದೂರಿತ್ತಾಗ, ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಲಿಯು 1999ರಲ್ಲಿ ಕ್ಯಾಸ್ಟ್ರಾಲಿನ ಪರವಾಗಿ ತೀರ್ಮಾನವಿತ್ತಿತು. ಅಂದಿನಿಂದ ಫುಲ್ ಸಿಂಥೆಟಿಕ್ ಎಂಬ ಮುದ್ರೆಯ ಅನೇಕ ಡಬ್ಬಿಗಳಲ್ಲಿ ಮುಖ್ಯವಾಗಿರುವುದು ಮೂರನೆಯ ವರ್ಗದ ತೈಲವೇ. ಇದನ್ನು ವಂಚನೆಯೆಂದು ಕೆಲವರು ಕನಲುವುದುಂಟು. ನನಗಂತೂ ಹಾಗೆ ತೋರುವುದಿಲ್ಲ. ಸವೆತವನ್ನು ತಡೆಯುವ, ಕಿಟ್ಟವನ್ನು ತೊಳೆಯುವ, ಆಮ್ಲವನ್ನು ಶಮನಗೊಳಿಸುವ ದ್ರವ್ಯಗಳು ಎಣ್ಣೆಯಲ್ಲಿ ಬೇರೆಯಾಗಿಯೇ ಬೆರೆತಿರುವುದರಿಂದ, ಮೂಲತೈಲದ ಕುಲಗೋತ್ರವೊಂದನ್ನೇ ಕೆದಕುವುದು ಬೇಳೆಯ ಊರನ್ನು ವಿಚಾರಿಸಿ ಸಾರಿನ ಪುಡಿಯನ್ನು ಮರೆತಂತೆ.

ಇನ್ನು ಡಬ್ಬಿಯ ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ಅಂಕೆಗಳು. 0ಡಬ್ಲ್ಯು, 5ಡಬ್ಲ್ಯು, 10ಡಬ್ಲ್ಯು ಎಂಬವು ಚಳಿಗಾಲದ ಸೂಚಕಗಳು: ಇಂಜಿನನ್ನು ಹೊರಳಿಸುವಾಗ ಎಣ್ಣೆಯೊಡ್ಡುವ ತಡೆಯನ್ನು ಕ್ರಮವಾಗಿ ಸೊನ್ನೆಗಿಂತ 35, 30, 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಅಳೆದು ಇವನ್ನು ನಿರ್ಧರಿಸುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ತಾಪಮಾನ, 1884ರ ಜನವರಿ 13ರಂದು, ಸೊನ್ನೆಯ ಮೇಲೆ 7.8 ಡಿಗ್ರಿ. ಆದಕಾರಣ ಆರ್.ಟಿ. ನಗರದ ಮನೆಯಂಗಳದಲ್ಲಿ ರಾತ್ರಿ ಕಳೆಯುವ ಕಾರಿಗೆ ಈ ಮೊದಲ ಅಂಕೆಯ ಸ್ಪರ್ಧೆಯಿಂದ ಲಭಿಸುವ ಪ್ರಯೋಜನ ಅತ್ಯಲ್ಪ.

ಗಮನಿಸತಕ್ಕದ್ದು ಎರಡನೆಯ ಅಂಕೆ. 100 ಡಿಗ್ರಿಯಲ್ಲಿ ಸ್ನಿಗ್ಧತೆಯು 9.3ರಿಂದ 12.5 ಸೆಂಟಿಸ್ಟೋಕಿನೊಳಗಿದ್ದರೆ ಅದು 30ರ ಗ್ರೇಡು, 12.5ರಿಂದ 16.3ರೊಳಗಿದ್ದರೆ 40ರದು. ಆದರೆ ಬೇರಿಂಗಿನ ಸಂದಿಯಲ್ಲಿ ಎಣ್ಣೆಯ ನಿಜವಾದ ಪರೀಕ್ಷೆ ನಡೆಯುವುದು ಇದಕ್ಕಿಂತ ಉಗ್ರವಾದ ತಾಪದಲ್ಲಿ, ತೀವ್ರವಾದ ಘರ್ಷಣೆಯಲ್ಲಿ. ಅದನ್ನು ಅನುಕರಿಸಿ 150 ಡಿಗ್ರಿಯಲ್ಲಿ ಅಳೆಯುವ ಮಾನವನ್ನು ಎಚ್‌ಟಿಎಚ್‌ಎಸ್ ಎನ್ನುತ್ತಾರೆ. ವಿಸ್ಮಯವೆಂದರೆ, ಅಂಗಡಿಯ ಒಂದೇ ಕಪಾಟಿನಲ್ಲಿರುವ ಎರಡು 5ಡಬ್ಲ್ಯು-30 ಡಬ್ಬಿಗಳು ಈ ಪರೀಕ್ಷೆಯಲ್ಲಿ ಬೇರೆ ಬೇರೆ ಜಾತಿಗೆ ಸೇರಿರಬಹುದು: ಯುರೋಪಿನ ಕಾರು ತಯಾರಕರ ಒಕ್ಕೂಟವಾದ ಎಸಿಇಎ ವಿಧಿಸಿರುವ ಸಿ2 ಮಟ್ಟಕ್ಕೆ 2.9 ಇದ್ದರೆ ಸಾಕು, ಸಿ3 ಮಟ್ಟಕ್ಕೆ 3.5 ಇರಲೇಬೇಕು. ಮುಖ ಒಂದೇ, ಬಲ ಬೇರೆ. ಅಧಿಕಶಕ್ತಿಯ ಇಂಜಿನಿಗೆ ಯಾವುದು ಉಚಿತವೆಂಬುದನ್ನು ನಾವು ಊಹಿಸಬೇಕಾಗಿಲ್ಲ. ಕಾರಿನ ಕೈಪಿಡಿಯಲ್ಲಿ ತಯಾರಕರು ಅದನ್ನು ಸಂಕೇತರೂಪದಲ್ಲಿ ವಿಧಿಸಿದ್ದಾರೆ. ಬಿಎಂಡಬ್ಲ್ಯು ಲಾಂಗ್‌ಲೈಫ್-04, ಮರ್ಸಿಡಿಸ್ 229.5, ಫೋಕ್ಸ್‌ವ್ಯಾಗನ್ 502 00, ಪೋರ್ಷೆ ಎ40 ಎಂಬಂಥ ಸಂಕೇತವು ಡಬ್ಬಿಯ ಹಿಂಬದಿಯಲ್ಲಿಯೂ ಇರಬೇಕು. ಅದು ‘ಅಪ್ರೂವ್ಡ್’ ಎಂಬ ಶೀರ್ಷಿಕೆಯಡಿ ಇದೆಯೋ, ಕೇವಲ ‘ರೆಕಮೆಂಡೆಡ್’ ಎಂದಿದೆಯೋ ನೋಡಬೇಕು. ಮೊದಲನೆಯದು ಕಾರು ತಯಾರಕರು ಪರೀಕ್ಷೆಯ ಫಲವನ್ನು ನೋಡಿ ಇತ್ತ ಅನುಮತಿ. ಎರಡನೆಯದು ಎಣ್ಣೆ ಮಾರುವವರ ಸ್ವಂತ ಅಭಿಪ್ರಾಯ.

ಒಂದೇ ಅನುಮತಿಯುಳ್ಳ ಎರಡು ಎಣ್ಣೆಗಳ ನಡುವೆ ಆಯ್ಕೆ ಮಾಡಬೇಕಾದಾಗ ಮಾತ್ರ ಕಂಪನಿಯ ತಾಂತ್ರಿಕ ವಿವರಪಟ್ಟಿ ಉಪಯೋಗಕ್ಕೆ ಬರುತ್ತದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಸಿದಾಗ ಎಷ್ಟು ಭಾಗ ಆವಿಯಾಯಿತೆಂಬ ನೋಆಕ್ ಪರೀಕ್ಷೆಯ ಅಂಕೆ ಕಡಿಮೆಯಿದ್ದಷ್ಟೂ ಮೇಲು. ಎಸಿಇಎ ವಿಧಿಸುವ ಮಿತಿ ಸಾಮಾನ್ಯವಾಗಿ ಶೇಕಡಾ 13. ಆಮ್ಲವನ್ನು ಶಮನಗೊಳಿಸುವ ಶಕ್ತಿಯ ಸೂಚಕವಾದ ಟಿಬಿಎನ್ ಹೆಚ್ಚಿರುವುದು ಲೇಸಾದರೂ ಅದರೊಡನೆ ಬೂದಿಯ ಅಂಶವೂ ಏರುವುದರಿಂದ, ಹೊಗೆಕೊಳವೆಯಲ್ಲಿ ಫಿಲ್ಟರುಳ್ಳ ಬಿಎಸ್6 ಕಾರುಗಳಿಗೆ ಅದೇ ಗುಣವು ದೋಷವಾದೀತು. ಸಿ3 ಎಣ್ಣೆಯಲ್ಲಿ ಬೂದಿಯು ಶೇಕಡಾ 0.8ನ್ನು ಮೀರಕೂಡದೆಂಬ ನಿಯಮ ಇದಕ್ಕಾಗಿಯೇ. ಗಟ್ಟಿ ಎಣ್ಣೆಯೇ ಗಟ್ಟಿ ರಕ್ಷಣೆಯೆಂದು ನಂಬಿ 10ಡಬ್ಲ್ಯು-60ನ್ನು ಸುರಿಯುವವರೂ ಇದ್ದಾರೆ. ಬಿಎಂಡಬ್ಲ್ಯು ಕಂಪನಿಯು ಇ46 ಮಾದರಿಯ ಎಂ3 ಕಾರಿಗೆ ಅದನ್ನು ವಿಧಿಸಿದ್ದು ನಿಜ. ಆ ಇಂಜಿನಿನ ಬೇರಿಂಗುಗಳ ಅವಶ್ಯಕತೆ ಅದು. 0ಡಬ್ಲ್ಯು-20ಕ್ಕೆಂದೇ ಸಂದಿಗಳನ್ನು ಕಿರಿದುಗೊಳಿಸಿ ರಚಿಸಿದ ಹೊಸ ಇಂಜಿನಿಗೆ ಅದು ಸಲ್ಲದು.

ನಂದಿಬೆಟ್ಟದ ದಾರಿಯ ವೇಗವೇ ಎಣ್ಣೆಗೆ ಶತ್ರುವೆಂದು ಭಾವಿಸುವವರು ಸೋಮವಾರದ ಹೆಬ್ಬಾಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಟೆಗೆ ಸರಾಸರಿ 80 ಕಿಲೋಮೀಟರಿನಂತೆ 10,000 ಕಿಲೋಮೀಟರ್ ಸಾಗಿದ ಇಂಜಿನು ತಿರುಗಿದ್ದು 125 ಗಂಟೆ. ಯಶವಂತಪುರದಿಂದ ಹೆಬ್ಬಾಳಕ್ಕೆ ತೆವಳುತ್ತ ಸರಾಸರಿ 20ರಂತೆ ಅಷ್ಟೇ ದೂರವನ್ನು ಕ್ರಮಿಸಿದ್ದು 500 ಗಂಟೆ. ಓಡೋಮೀಟರಿಗೆ ಎರಡೂ ಒಂದೇ, ಎಣ್ಣೆಗೆ ನಾಲ್ಮಡಿ ದುಡಿಮೆ. ನಿಂತ ವಾಹನಕ್ಕೆ ಗಾಳಿಯ ತಂಪಿಲ್ಲ. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿಯಾದರೋ ಎಣ್ಣೆಯು ಪೂರ್ಣವಾಗಿ ಕಾಯುವುದೇ ಇಲ್ಲ, ಸಿಲಿಂಡರಿನ ಗೋಡೆಯಿಂದ ಜಾರಿದ ಪೆಟ್ರೋಲೂ ನೀರಿನ ತೇವವೂ ಆವಿಯಾಗದೆ ಅದರಲ್ಲಿಯೇ ಉಳಿದು ಸ್ನಿಗ್ಧತೆಯನ್ನು ಕುಗ್ಗಿಸುತ್ತವೆ. ಮೇಲಾಗಿ, ಕಡಿಮೆ ಸುತ್ತಿನಲ್ಲಿ ಒಮ್ಮೆಲೇ ಆಕ್ಸಿಲರೇಟರನ್ನು ಒತ್ತಿದಾಗ ನೇರ ಇಂಧನ ಸಿಂಚನದ ಟರ್ಬೊ ಇಂಜಿನುಗಳಲ್ಲಿ ಕಿಡಿಗೆ ಮುನ್ನವೇ ಇಂಧನವು ಹೊತ್ತಿಕೊಂಡು ಪಿಸ್ಟನನ್ನೇ ಸೀಳಬಹುದಾದ ಅನಾಹುತವುಂಟು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಇದಕ್ಕೆ ಪ್ರಚೋದಕವೆಂದು ತಿಳಿದು, ಅದರ ಬಹುಭಾಗದ ಬದಲು ಮೆಗ್ನೀಸಿಯಂ ಬಳಸುವ ಕ್ರಮವು ಬಂದಿದೆ. ಈ ಅಪಾಯದ ಪರೀಕ್ಷೆಯನ್ನೂ ಒಳಗೊಂಡ ಎಪಿಐ ಎಸ್‌ಪಿ ದರ್ಜೆಯು 2020ರಲ್ಲಿ ಜಾರಿಗೆ ಬಂದಿತು. ನಗರದಲ್ಲಿಯೇ ಹೆಚ್ಚಾಗಿ ಓಡುವ ಕಾರಿಗೆ ಕೈಪಿಡಿಯ ‘ಕಠಿಣ ಬಳಕೆ’ಯ ಅವಧಿಯೇ ಅನ್ವಯಿಸತಕ್ಕದ್ದು, ಕಿಲೋಮೀಟರ್ ತುಂಬದಿದ್ದರೂ ವರ್ಷ ತುಂಬಿದೊಡನೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುವುದು ಯುಕ್ತ.

ಕೊಳ್ಳುವ ಸ್ಥಳದ ಮಾತೊಂದು ಉಳಿಯಿತು. ಜೆ.ಸಿ. ರಸ್ತೆಯಲ್ಲಾಗಲಿ ಬಡಾವಣೆಯ ಬಿಡಿಭಾಗದ ಅಂಗಡಿಯಲ್ಲಾಗಲಿ, ಬಿಲ್ಲಿಲ್ಲದೆ ಅಗ್ಗಕ್ಕೆ ದೊರೆಯುವ ದುಬಾರಿ ಹೆಸರಿನ ಡಬ್ಬಿಯನ್ನು ನಂಬಲಾಗದು. ಮುಚ್ಚಳದ ಸೀಲು, ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆಗಳನ್ನು ನೋಡಿ ಕೊಂಡು, ಗ್ಯಾರೇಜಿನಲ್ಲಿ ಎದುರಿಗೇ ತೆರೆಸುವುದು ಮೇಲು. ಟರ್ಬೊ ಇಂಜಿನುಗಳು ಸ್ವಲ್ಪ ಎಣ್ಣೆಯನ್ನು ಸೇವಿಸುವುದು ಸಹಜವಾದ್ದರಿಂದ ಅದೇ ಸಂಕೇತದ ಒಂದು ಲೀಟರಿನ ಡಬ್ಬಿಯು ಡಿಕ್ಕಿಯಲ್ಲಿರಲಿ. ಚಿಕ್ಕಬಳ್ಳಾಪುರದಾಚೆ ಎಚ್ಚರಿಕೆಯ ದೀಪ ಹೊತ್ತಿದಾಗ ಪೆಟ್ರೋಲ್ ಬಂಕಿನಲ್ಲಿ 20ಡಬ್ಲ್ಯು-50 ಸಿಕ್ಕೀತೇ ಹೊರತು ಲಾಂಗ್‌ಲೈಫ್-04 ಸಿಕ್ಕುವುದು ಸಂದೇಹ.