ಛಾಪಾ ಕಾಗದದ ನಾಟಕವೂ ನಮ್ಮ ನೋಟಕರೂ

ಶೋಳಿಂಗನಲ್ಲೂರಿನ ಕೂಡುರಸ್ತೆಯಿಂದ ಸ್ವಲ್ಪ ಒಳಕ್ಕೆ, ನಮ್ಮ ಹೋಟೆಲು ಕೆಲಸಗಾರರು ಬಿಡಾರ ಮಾಡಿರುವ ಮಾಳಿಗೆಯ ಕೋಣೆಯೊಂದುಂಟು. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲೆಳೆದು, ಮೈ ತೊಳೆದು, ಚಾಪೆ ಬಿಡಿಸಿದ ಮೇಲೆ ಏಳೆಂಟು ಮಂದಿ ಒಂದೇ ಮೊಬೈಲಿನ ಸುತ್ತ ಕುಳಿತು ನಾಟಕ ನೋಡುವುದು ಅಲ್ಲಿನ ವಾಡಿಕೆ. ಪತ್ರಿಕೆಯ ಚಂದಾ ಹಣಕ್ಕೆಂದು ಹೋದ ನಾನೂ ಮೂರು ರಾತ್ರಿ ಅವರೊಡನೆ ಕುಳಿತೆ. ನಾಟಕಕ್ಕಿಂತ ಅದನ್ನು ನೋಡಿದವರ ಮಾತುಗಳೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದುದರಿಂದ ಅವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಅವರು ನೋಡುತ್ತಿದ್ದುದು ‘ಸ್ಕ್ಯಾಮ್ 2003’ ಎಂಬ ಹಿಂದಿ ಧಾರಾವಾಹಿ. ಸೋನಿ ಲಿವ್‌ನಲ್ಲಿ ಇದರ ಮೊದಲ ಭಾಗವು 2023ರ ಸೆಪ್ಟೆಂಬರ್ 1ರಂದೂ ಎರಡನೆಯದು ನವೆಂಬರ್ 3ರಂದೂ ಪ್ರಸಾರವಾದವು. ಜಗತ್ತು ನೋಡಿ ಮುಗಿಸಿದ ಮೇಲೆ ನಮ್ಮವರಿಗೆ ಬಿಡುವಾಗುವುದು ಹೊಸ ಸಂಗತಿಯೇನೂ ಅಲ್ಲ. ಷೇರುಪೇಟೆಯ ಹರ್ಷದ್ ಮೆಹ್ತಾನ ಕಥೆಯನ್ನು 2020ರಲ್ಲಿ ಇದೇ ಬಳಗದವರು ತೆರೆಗೆ ತಂದಿದ್ದರು. ಈ ಸಲದ ಕಥಾನಾಯಕನಾದರೋ ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದವನು, ಅಬ್ದುಲ್ ಕರೀಂ ತೆಲಗಿ.

ಅವನ ವೃತ್ತಾಂತವನ್ನು ಮರೆತವರಿಗಾಗಿ ಎರಡು ಮಾತು. ರೈಲ್ವೆ ನೌಕರನಾಗಿದ್ದ ತಂದೆ ಬೇಗನೆ ತೀರಿಕೊಂಡುದರಿಂದ ಬಾಲಕನಾಗಿದ್ದಾಗಲೇ ರೈಲುಗಳಲ್ಲಿ ಹಣ್ಣುಹಂಪಲು ಮಾರಿ ಓದಿದವನು ತೆಲಗಿ. ಬಿ.ಕಾಂ. ಪದವಿ ಪಡೆದು ಮುಂಬಯಿಗೆ ಹೋದನು, ಸೌದಿ ಅರೇಬಿಯಕ್ಕೂ ಹೋಗಿಬಂದನು. 1994ರಲ್ಲಿ ಛಾಪಾ ಕಾಗದ ಮಾರುವ ಪರವಾನಗಿ ಅವನಿಗೆ ದೊರೆಯಿತು. ಆಗ ಸರಕಾರದ ಕಾಗದ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತಿರಲಿಲ್ಲ. ಆ ಕೊರತೆಯೇ ಅವನ ಬಂಡವಾಳವಾಯಿತು. ನಾಸಿಕದ ಸರಕಾರಿ ಮುದ್ರಣಾಲಯವು ಹಳತಾಯಿತೆಂದು ಕಳೆದ ಯಂತ್ರಗಳನ್ನೇ ಸಂಪಾದಿಸಿ, ಅಸಲಿಗೂ ನಕಲಿಗೂ ಭೇದ ತಿಳಿಯದಂತೆ ಅಚ್ಚು ಹಾಕಿಸಿದನು. ನೂರಾರು ಏಜೆಂಟರ ಮೂಲಕ ಬ್ಯಾಂಕುಗಳಿಗೂ ವಿಮಾ ಕಂಪೆನಿಗಳಿಗೂ ಸಗಟಾಗಿ ಮಾರಿಸಿದನು. 2001ರ ನವೆಂಬರಿನಲ್ಲಿ ಅಜ್ಮೀರದಲ್ಲಿ ಸೆರೆಸಿಕ್ಕನು. ತನಿಖೆ 2004ರಲ್ಲಿ ಸಿ.ಬಿ.ಐ. ಕೈಸೇರಿತು. 2007ರಲ್ಲಿ 13 ವರ್ಷಗಳ ಕಠಿಣ ಶಿಕ್ಷೆಯೂ 202 ಕೋಟಿ ರೂಪಾಯಿ ದಂಡವೂ ಬಿದ್ದವು. ಬೆಂಗಳೂರಿನ ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿದ್ದ ಅವನು 2017ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮೃತನಾದನು. ವಂಚನೆಯ ಮೊತ್ತ 30,000 ಕೋಟಿಯೆಂದು ಪ್ರಚಾರವಾಗಿದ್ದರೂ ಆ ಲೆಕ್ಕದಲ್ಲಿ ಏಕಾಭಿಪ್ರಾಯವಿಲ್ಲ.

ಇನ್ನು ನೋಟಕರ ವಿಚಾರ. ತೆಲಗಿಯ ಪಾತ್ರ ಮಾಡಿದ ಗಗನ್ ದೇವ್ ರಿಯಾರ್ ಎಂಬ ನಟನ ಬಗ್ಗೆ ಕೋಣೆಯಲ್ಲಿ ಎರಡು ಮಾತಿರಲಿಲ್ಲ. “ವೇಷ ಹಾಕಿದಂತೆಯೇ ಇಲ್ಲ ಸ್ವಾಮಿ, ನಮ್ಮ ಗಲ್ಲಾದ ಮುಂದೆ ಬಿಲ್ಲು ಕೊಡಲು ನಿಂತ ಗಿರಾಕಿಯ ಹಾಗೇ ಇದ್ದಾನೆ” ಎಂದರು ದೋಸೆ ಹೊಯ್ಯುವ ಭಟ್ಟರು. ಆದರೆ ನಟನನ್ನು ಮೆಚ್ಚಿದ ನಾಲಗೆ ಮರುಗಳಿಗೆಯಲ್ಲೇ ಪಾತ್ರವನ್ನೂ ಮೆಚ್ಚತೊಡಗಿತು. ಕುಂದಾಪುರದ ಕಡೆಯ ಸಪ್ಲೈಯರ್ ಹುಡುಗನೊಬ್ಬ, ವಯಸ್ಸು ಇಪ್ಪತ್ತಮೂರಿರಬಹುದು, ಕಣ್ಣರಳಿಸಿ ಹೇಳಿದ: “ರೈಲಿನಲ್ಲಿ ಹಣ್ಣು ಮಾರಿದವನು ಮುಂಬಯಿಯನ್ನೇ ಆಡಿಸಿದನಲ್ಲ! ಬಡವರ ಹಣವನ್ನೇನೂ ಅವನು ಮುಟ್ಟಲಿಲ್ಲ. ಹೋದದ್ದು ಸರಕಾರದ್ದು.”

ಇದಕ್ಕೆ ಉತ್ತರ ಕೊಟ್ಟವರು ಹತ್ತಿರದ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿರುವ ಧಾರವಾಡದ ಮಹನೀಯರು. “ತಮ್ಮಾ, ಸರಕಾರದ ಹಣವೆಂದರೆ ಯಾರ ಹಣ? ನಿನ್ನೂರಿನ ಶಾಲೆಯ ಮಾಸ್ತರರ ಸಂಬಳ, ಆಸ್ಪತ್ರೆಯ ಔಷಧ, ಇದೆಲ್ಲ ಆ ಖಜಾನೆಯಿಂದಲೇ ಬರಬೇಕು. ಅದೂ ಇರಲಿ. ಹೊಲ ಕೊಂಡವನೊಬ್ಬ ತನ್ನ ಪತ್ರ ಅಸಲಿಯೋ ನಕಲಿಯೋ ಎಂದು ಅಂಜಿದರೆ, ಆ ಅಂಜಿಕೆಗೆ ಬೆಲೆ ಕಟ್ಟುವವರಾರು?” ಎಂದರು. ಇನ್ನೊಬ್ಬರ ಆಕ್ಷೇಪ ಬೇರೆ ಬಗೆಯದು. ಲಂಚ ತಿಂದ ದೊಡ್ಡವರೆಲ್ಲ ಹಿನ್ನೆಲೆಗೆ ಸರಿದು ಖಾನಾಪುರದವನೊಬ್ಬನೇ ಮುಂದೆ ಉಳಿದನಲ್ಲ ಎಂದು ಅವರು ನೊಂದುಕೊಂಡರು. ಪೊಲೀಸ್ ಅಧಿಕಾರಿಗಳೂ ಶಾಸಕರೂ ಆ ಪ್ರಕರಣದಲ್ಲಿ ಬಂಧಿತರಾಗಿದ್ದುದು ನಿಜ. ಅವರಲ್ಲಿ ಕೆಲವರು ಮುಂದೆ ನ್ಯಾಯಾಲಯದಲ್ಲಿ ಬಿಡುಗಡೆ ಹೊಂದಿದುದೂ ನಿಜ. ತೆಲಗಿಯೂ ಸಹ, ಸತ್ತ ಮರುವರ್ಷ, ನಾಸಿಕದ ಒಂದು ಮೊಕದ್ದಮೆಯಲ್ಲಿ ಸಾಕ್ಷ್ಯ ಸಾಲದೆ ದೋಷಮುಕ್ತನಾದನು. ಪ್ರಸಾರಕ್ಕೆ ಮುನ್ನ ಅವನ ಕುಟುಂಬದವರು ಈ ನಾಟಕವನ್ನು ತಡೆಯಬೇಕೆಂದು ನ್ಯಾಯಾಲಯಕ್ಕೆ ಹೋದದ್ದುಂಟು. ಸತ್ತವನು ಬಂದು ತನ್ನ ಮಾತು ಹೇಳಲಾರ ಎಂಬುದನ್ನೂ ನೋಡುವವರು ಮರೆಯಬಾರದು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೂರನೆಯ ರಾತ್ರಿ ಭಟ್ಟರು ನನ್ನನ್ನು ಮೆಟ್ಟಲ ಬಳಿಗೆ ಕರೆದು ಮೆಲ್ಲಗೆ ತಿಳಿಸಿದರು. ಆ ಸಪ್ಲೈಯರ್ ಹುಡುಗ ಇಬ್ಬರು ಗೆಳೆಯರೊಡನೆ ಸೇರಿ ಕಾಫಿ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿಯುವವನಿದ್ದಾನೆ. ತಂಗಿಯ ಮದುವೆಗೆಂದು ಕೂಡಿಟ್ಟ ಹಣವೇ ಮುಂಗಡ. ಕರಾರುಪತ್ರಕ್ಕೆ ಹಿಂದಿನ ತಾರೀಖಿನ ಕಾಗದ ಒದಗಿಸುತ್ತೇನೆಂದು ದಲ್ಲಾಳಿ ಮಾತು ಕೊಟ್ಟಿದ್ದಾನೆ. ಹುಡುಗನನ್ನು ಕರೆದು ಕೇಳಿದರೆ ಅವನು ನಕ್ಕ. “ತಾರೀಖು ಒಂದಲ್ಲವೇ ಹಳತು? ಎಲ್ಲರೂ ಮಾಡುತ್ತಾರಂತೆ.”

ಆಗ ನಾನು, ಇಂದಿನವರೆಗೂ ಹೆಚ್ಚು ಮಂದಿಗೆ ಹೇಳದ ನನ್ನ ಸ್ವಂತ ಕಥೆಯನ್ನು ಅವನಿಗೆ ಹೇಳಬೇಕಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿ ಈ ಊರಿಗೆ ಬಂದು, ಟೇಬಲು ಒರೆಸಿ, ಕಡೆಗೆ ಸ್ವಂತ ಹೋಟೆಲು ಹಾಕಿದವನು ನಾನು. ಕಟ್ಟಡದ ಹಿರಿಯ ಮಾಲಿಕರು ಬಾಯಿಮಾತಿನಲ್ಲೇ ಜಾಗ ಕೊಟ್ಟಿದ್ದರು. ಎಂಟು ತಿಂಗಳ ಬಳಿಕ ಲೈಸೆನ್ಸಿಗೆ ಮೊದಲ ದಿನದಿಂದಲೇ ಕರಾರು ಇರುವಂತೆ ತೋರಿಸಬೇಕಾಗಿ ಬಂತು. ದಲ್ಲಾಳಿಯೊಬ್ಬ ಹಳೆಯ ತಾರೀಖಿನ ಛಾಪಾ ಕಾಗದ ತಂದುಕೊಟ್ಟ. ಬೆಲೆಗಿಂತ ಹೆಚ್ಚು ಕೊಟ್ಟು ನಾನು ಅದನ್ನು ಕೊಂಡೆ. ಅಂದು ಅದು ನನಗೆ ಮೋಸವೆಂದು ತೋರಲಿಲ್ಲ. ಅನುಕೂಲವೆಂದೇ ತೋರಿತು. ಹಿರಿಯರು ತೀರಿಕೊಂಡರು. ಮಕ್ಕಳು ಜಾಗ ಬಿಡೆಂದರು. ನಾನು ಪತ್ರ ತೆಗೆದೆ. ಅವರ ವಕೀಲರು ಕಾಗದದ ಬೆನ್ನಿನ ಕ್ರಮಸಂಖ್ಯೆಯನ್ನು ಮಾರಾಟಗಾರನ ಪುಸ್ತಕದಲ್ಲಿ ಹುಡುಕಿಸಿದರೆ ಅಲ್ಲಿದ್ದುದು ಬೇರೆಯವರ ಹೆಸರು! ನನ್ನ ಬಾಡಿಗೆ ನಿಜ, ಮುಂಗಡ ನಿಜ, ಬೆವರು ನಿಜ. ಕಾಗದವೊಂದು ಸುಳ್ಳಾದುದರಿಂದ ಉಳಿದೆಲ್ಲವೂ ಸುಳ್ಳಿನಂತೆ ಕಾಣಿಸಿತು. ಮುಂಗಡದ ಬಹುಪಾಲನ್ನು ಬಿಟ್ಟು ರಾಜಿಯಾದೆ. ಒಲೆ ಆರಿತು. ನಾನು ಪತ್ರಿಕೆಯ ಮೇಜಿಗೆ ಬಂದದ್ದು ಹೀಗೆ.

ನನ್ನ ಮಾತು ಮುಗಿದಾಗ ಹುಡುಗ ನಗುತ್ತಿರಲಿಲ್ಲ. “ಹಾಗಾದರೆ ನೀವೂ ತೆಲಗಿಯ ಗಿರಾಕಿಯೇ ಅಣ್ಣ” ಎಂದ. ಒಪ್ಪಿಕೊಂಡೆ. ತೆಲಗಿಯ ಕಾಗದವನ್ನು ನಾನು ಮುಟ್ಟಿದವನಲ್ಲ. ಆದರೆ ಅಂಥವರ ವ್ಯಾಪಾರ ನಡೆಯುವುದು ಹೆಚ್ಚು ವಿಚಾರಿಸದೆ ಕೊಳ್ಳುವವರಿಂದಲೇ. ರಿಯಾಯಿತಿಗೆ ಆಸೆಪಟ್ಟ ಕಂಪೆನಿಗಳೂ ಅನುಕೂಲಕ್ಕೆ ಆಸೆಪಟ್ಟ ನಾನೂ ಒಂದೇ ಸಾಲಿನಲ್ಲಿ ನಿಂತವರು.

ಈಚೆಗೆ ಇ-ಸ್ಟಾಂಪ್ ಎಂಬ ವ್ಯವಸ್ಥೆ ಬಂದಿದೆ. ಅದರ ಪ್ರಮಾಣಪತ್ರದ ಮೇಲಿನ ಸಂಖ್ಯೆಯನ್ನು ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ಅಂತರ್ಜಾಲ ತಾಣದಲ್ಲಿ ತಾಳೆ ನೋಡಬಹುದು. ಕಾಗದವನ್ನೇ ಕೊಳ್ಳುವುದಾದರೆ ಪರವಾನಗಿಯುಳ್ಳ ಮಾರಾಟಗಾರನಲ್ಲಿಗೆ ತಾನೇ ಹೋಗಿ, ತನ್ನ ಹೆಸರಿನಲ್ಲಿ, ಕೊಂಡ ದಿನದ ತಾರೀಖಿನಲ್ಲೇ ಕೊಳ್ಳತಕ್ಕದ್ದು. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ನೋಂದಣಿ ಮಾಡಿಸದೆ ಬಿಡಬಾರದು. ಅದಕ್ಕೆ ಬೀಳುವ ಖರ್ಚು ಮುಂಗಡ ಕಳೆದುಕೊಳ್ಳುವುದರ ಮುಂದೆ ಏನೂ ಅಲ್ಲ.

ಈ ನಾಟಕವನ್ನು ನೋಡಬೇಡಿರೆಂದು ನಾನು ಹೇಳುವವನಲ್ಲ. ಚೆನ್ನಾಗಿಯೇ ಇದೆ, ನೋಡಿರಿ. ತೆಲಗಿಯ ಜಾಣ್ಮೆಗೆ ಚಪ್ಪಾಳೆ ತಟ್ಟುವ ಮೊದಲು ಆ ಕಾಗದವನ್ನು ಕೈಚಾಚಿ ತೆಗೆದುಕೊಂಡವರ ಮುಖಗಳನ್ನೂ ಸ್ವಲ್ಪ ಗಮನಿಸಿರಿ. ನನಗೆ ಅಲ್ಲಿ ನನ್ನ ಮುಖವೂ ಕಂಡಿತು.

ಹುಡುಗನ ಸುದ್ದಿ ಏನಾಯಿತೆಂದು ಕೇಳುವಿರಲ್ಲವೇ? ಅಂಗಡಿಯ ಆಸೆಯನ್ನು ಅವನು ಬಿಟ್ಟಿಲ್ಲ, ಬಿಡಲೂಬಾರದು. ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಕಛೇರಿಗೆ ಬಂದು, ಸಬ್‌ರಿಜಿಸ್ಟ್ರಾರರ ಕಛೇರಿ ಎಷ್ಟು ಗಂಟೆಗೆ ತೆರೆಯುತ್ತದೆಂದು ಕೇಳಿ ಹೋದ.