ಸಾರ್ವಜನಿಕ ಸಂಪರ್ಕಾಧಿಕಾರಿಯೂ ಅಂಕಿ ಅಂಶಗಳ ಹೊಣೆಯೂ

ಸಾರ್ವಜನಿಕ ಸಂಪರ್ಕವನ್ನು ವೃತ್ತಿಯಾಗಿ ಕೈಕೊಳ್ಳುವವರು ಭಾಷೆಯ ಸೊಗಸನ್ನೂ ಪತ್ರಕರ್ತರ ಪರಿಚಯವನ್ನೂ ಮೊದಲು ಸಂಪಾದಿಸಬೇಕೆಂದು ಸಾಮಾನ್ಯವಾಗಿ ಬೋಧಿಸಲಾಗುತ್ತದೆ. ಇವೆರಡೂ ಬೇಕಾದುವೇ. ಆದರೆ ತನಗೆ ಒದಗಿಸಿದ ವಿವರವನ್ನು ಮೂಲ ದಾಖಲೆಯೊಡನೆ ತಾಳೆ ನೋಡುವ ಅಧಿಕಾರವು ಇವೆರಡಕ್ಕಿಂತಲೂ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಈ ವೃತ್ತಿಯ ಆದ್ಯರಲ್ಲೊಬ್ಬನಾದ ಅಮೆರಿಕದ ಐವಿ ಲೀಯ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು.

1906ರಲ್ಲಿ ಕಲ್ಲಿದ್ದಲ ಗಣಿಗಳ ಮಾಲೀಕರ ಪರವಾಗಿ ದುಡಿಯುತ್ತಿದ್ದ ಲೀ ಪತ್ರಿಕೆಗಳಿಗೆ ಒಂದು ತತ್ತ್ವಘೋಷಣೆಯನ್ನು ಕಳುಹಿಸಿದನು. ತನ್ನ ಕೆಲಸವೆಲ್ಲ ಬಹಿರಂಗವಾಗಿ ನಡೆಯುವುದು, ಕೊಡುವ ವಿಷಯ ನಿಖರವಾಗಿರುವುದು, ಅದನ್ನು ಪರೀಕ್ಷಿಸಬಯಸುವ ಸಂಪಾದಕರಿಗೆ ನೆರವು ದೊರೆಯುವುದು ಎಂಬುದು ಅದರ ಸಾರ. ಗುಟ್ಟೇ ವ್ಯಾಪಾರದ ಜೀವಾಳವೆಂದು ನಂಬಿದ್ದವರ ನಡುವೆ ಇದು ಹೊಸ ಮಾತು.

1914ರ ಏಪ್ರಿಲ್ 20ರಂದು ಕೊಲರಾಡೊದ ಲಡ್ಲೋ ಎಂಬಲ್ಲಿ, ಮುಷ್ಕರ ಹೂಡಿದ್ದ ಗಣಿಕೆಲಸಗಾರರ ಡೇರೆಗಳ ಮೇಲೆ ರಾಜ್ಯದ ಸೈನ್ಯದಳದವರು ದಾಳಿ ಮಾಡಿದರು. ಡೇರೆಗಳು ಬೆಂಕಿಗೆ ತುತ್ತಾದುವು. ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅವಿತಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಸತ್ತರು. ಅಲ್ಲಿಯ ಪ್ರಧಾನ ಗಣಿ ಕಂಪನಿಯು ರಾಕ್‌ಫೆಲರ್ ಮನೆತನದ ಹತೋಟಿಯಲ್ಲಿದ್ದಿತು. ಜನರ ಕೋಪವನ್ನು ಶಮನಗೊಳಿಸಲು ಕಿರಿಯ ರಾಕ್‌ಫೆಲರ್ ಲೀಯನ್ನು ಕರೆಸಿಕೊಂಡನು.

ಲೀ ಸಿದ್ಧಪಡಿಸಿದ ಪ್ರಕಟಣೆಗಳು ಮಾಲೀಕರ ಹೆಸರಿನಲ್ಲಿ ಹೊರಬಿದ್ದುವು. ಘೋಷಣೆಯ ‘ಬಹಿರಂಗ’ ಅಲ್ಲಿಗೇ ಮುಗಿದಿತ್ತು. ಅವುಗಳೊಂದರಲ್ಲಿ, ಕಾರ್ಮಿಕ ಸಂಘದ ಮುಖಂಡರು ಒಂದು ವರ್ಷದಲ್ಲಿ ಪಡೆದ ಹಣವು ಒಂಬತ್ತು ವಾರಗಳ ಗಳಿಕೆಯೆಂದು ಅಚ್ಚಾಗಿದ್ದಿತು. 1915ರಲ್ಲಿ ಕೈಗಾರಿಕಾ ಸಂಬಂಧಗಳ ಆಯೋಗವು ಪ್ರಶ್ನಿಸಿದಾಗ, ಮಾಲೀಕರು ಕೊಟ್ಟ ವಿವರ ನಿಜವೋ ಎಂದು ವಿಚಾರಿಸಲು ತಾನು ಯತ್ನಿಸಲೇ ಇಲ್ಲವೆಂದು ಲೀ ಒಪ್ಪಿಕೊಂಡನು. ಐವಿ ಎಂಬುದು ಬಳ್ಳಿಯೊಂದರ ಹೆಸರಷ್ಟೆ. ಸಾಹಿತಿ ಅಪ್ಟನ್ ಸಿಂಕ್ಲೇರ್ ಅದಕ್ಕೆ ವಿಷವನ್ನು ಸೇರಿಸಿ ಕೊಟ್ಟ ಅಡ್ಡಹೆಸರು 1934ರಲ್ಲಿ ಆತನು ತೀರಿಕೊಂಡ ಮೇಲೂ ಉಳಿಯಿತು.

ಇಲ್ಲಿ ಅವಧಿಯೇ ತಪ್ಪಾಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಸಂಘದ ಲೆಕ್ಕದ ಪುಟವನ್ನು ಒಮ್ಮೆ ನೋಡಿದ್ದರೆ ಸಾಕಾಗಿತ್ತು. ಆದರೆ ಉಪ್ಪಿಟ್ಟ ಧಣಿಯ ಮಾತನ್ನು ಪರೀಕ್ಷಿಸುವುದು ಯಾವ ನೌಕರನಿಗೂ ಮುಜುಗರದ ಕೆಲಸವೇ. ಅದಕ್ಕಾಗಿಯೇ ಆ ಅಧಿಕಾರವನ್ನು ಸಂಕಟ ಬಂದಾಗ ಬೇಡುವುದಕ್ಕಿಂತ ನೇಮಕದ ಹೊತ್ತಿನಲ್ಲಿಯೇ ಬರೆಹದಲ್ಲಿ ಪಡೆಯುವುದು ಲೇಸು. ಲೆಕ್ಕಪತ್ರ ವಿಭಾಗದ ಪುಸ್ತಕಗಳನ್ನು ನೋಡಬಹುದೇ? ಸಂಸ್ಥೆಯ ಮುಖ್ಯಸ್ಥರನ್ನು ನೇರವಾಗಿ ಕಾಣಬಹುದೇ? ಸಂಬಳದ ಮಾತಿಗೆ ಮುನ್ನ ಕೇಳಬೇಕಾದುವು ಇವು. ಇದನ್ನು ಕೇಳಿ ಮುಖ ಸಿಂಡರಿಸುವ ಸಂಸ್ಥೆಗೆ ಬೇಕಾಗಿರುವುದು ಉದ್ಘಾಟನೆಯ ಭಾವಚಿತ್ರಗಳನ್ನು ಹಂಚುವವನು ಮಾತ್ರ.

ಕೆಲಸಕ್ಕೆ ಸೇರಿದ ಬಳಿಕ, ಹೊರಗೆ ಹೋಗುವ ಪ್ರತಿಯೊಂದು ಅಂಕಿಗೂ ಕೊಟ್ಟವರಾರು, ಯಾವ ದಾಖಲೆಯಿಂದ, ಯಾವ ಅವಧಿಯದು ಎಂಬ ಟಿಪ್ಪಣಿಯನ್ನು ಕಡತದಲ್ಲಿ ಇರಿಸಬೇಕು. ಭಾರತದ ಸಾರ್ವಜನಿಕ ಸಂಪರ್ಕ ಸಂಘವು 1968ರ ಏಪ್ರಿಲ್‌ನಲ್ಲಿ ದೆಹಲಿಯ ಸಮ್ಮೇಳನದಲ್ಲಿ ವೃತ್ತಿನೀತಿಯ ಸಂಹಿತೆಯೊಂದನ್ನು ಅಂಗೀಕರಿಸಿತು. ಆದರೆ ದಿನನಿತ್ಯದಲ್ಲಿ ಅಧಿಕಾರಿಯನ್ನು ಕಾಪಾಡುವುದು ಈ ಸಣ್ಣ ಟಿಪ್ಪಣಿಯೇ. ಇಷ್ಟಾದರೂ ತಪ್ಪು ನುಸುಳಿದರೆ ತಿದ್ದುಪಡಿಯು ಅದೇ ದಿನ, ಮೊದಲಿನ ಪ್ರಕಟಣೆ ತಲುಪಿದ ಎಲ್ಲ ವಿಳಾಸಗಳಿಗೂ ಹೋಗತಕ್ಕದ್ದು. ಆ ವಿಳಾಸಗಳ ಪಟ್ಟಿಯನ್ನು ಪ್ರಕಟಣೆಯ ಪ್ರತಿಯೊಡನೆಯೇ ಹೊಲಿದಿಟ್ಟಿರಬೇಕು.